‘ಸೆವ್ಮೆಕ್’: ಟರ್ಕಿಶ್‌ನಲ್ಲಿ ಇಷ್ಟ ಹೇಳುವಾಗ ‘ನನಗೆ’ ಬಿಟ್ಟುಬಿಡಿ

ಪ್ರಶ್ನೆ: ನಾಲ್ಕು ತಿಂಗಳಿಂದ ಮೊಬೈಲ್ ಆ್ಯಪ್ ಹಿಡಿದು ಟರ್ಕಿಶ್ ಕಲಿಯುತ್ತಿದ್ದೇನೆ. ‘ಸೆನಿ ಸೆವಿಯೊರುಮ್’ (ನಿನ್ನನ್ನು ಪ್ರೀತಿಸುತ್ತೇನೆ) ಬಾಯಿಗೆ ಬಂದಿದೆ. ಆದರೆ ಕಾಫಿ ಇಷ್ಟ, ಈಜೋದು ಇಷ್ಟ, ಈ ಊರು ಇಷ್ಟವಾಯಿತು ಎನ್ನಲು ಹೋದರೆ ಪ್ರತಿ ಸಲವೂ ಎಲ್ಲೋ ಒಂದು ಕಡೆ ತಪ್ಪುತ್ತದೆ. ‘ಬಾನಾ ಕಾಹ್ವೆ ಸೆವಿಯೊರ್’ ಎಂದು ಬರೆದರೆ ಆ್ಯಪ್ ಕೆಂಪು ಗೆರೆ ಎಳೆಯುತ್ತದೆ, ಏಕೆ ಎಂದು ಹೇಳುವುದಿಲ್ಲ. ಒಮ್ಮೆ ಸೆವಿಯೊರುಮ್, ಒಮ್ಮೆ ಸೆವೆರಿಮ್ ಬರುತ್ತದೆ. ಹೊಶ್ಲಾನ್ಮಾಕ್, ಬೆಯೆನ್ಮೆಕ್ ಎಂಬ ಬೇರೆ ಕ್ರಿಯಾಪದಗಳೂ ಇವೆ. ಯಾವುದನ್ನು ಎಲ್ಲಿ ಬಳಸಬೇಕು? ಮುಂದಿನ ತಿಂಗಳು ಕೆಲಸದ ಮೇಲೆ ಇಸ್ತಾನ್‌ಬುಲ್‌ಗೆ ಹೋಗುತ್ತಿದ್ದೇನೆ. ಅಲ್ಲಿಯ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದಿದ್ದಾರೆ. ನಾನು ಸಸ್ಯಾಹಾರಿ.

ಉತ್ತರ: ನಿಮ್ಮ ವಾಕ್ಯದಲ್ಲಿ ಕೆಟ್ಟದ್ದು ‘ಬಾನಾ’ ಎಂಬ ಒಂದು ಪದದಿಂದ. ಬಾನಾ ಅಂದರೆ ‘ನನಗೆ’. ಕನ್ನಡದಲ್ಲಿ ಇಷ್ಟ ಎನ್ನುವುದು ನಮಗೆ ಆಗುವಂಥದ್ದು: ನನಗೆ ಕಾಫಿ ಇಷ್ಟ, ನನಗೆ ಹಸಿವು, ನನಗೆ ಬೇಜಾರು. ಅನುಭವ ಯಾರದೋ ಅವರಿಗೆ ‘ಗೆ’ ಹಚ್ಚಿಬಿಡುತ್ತೇವೆ. ಟರ್ಕಿಶ್‌ನ ಸೆವ್ಮೆಕ್ (ಇಷ್ಟಪಡು, ಪ್ರೀತಿಸು) ಆ ಜಾತಿಯದಲ್ಲ. ಅದಕ್ಕೆ ಒಬ್ಬ ಕರ್ತೃ ಬೇಕು, ಒಂದು ಕರ್ಮ ಬೇಕು. ಇಷ್ಟಪಡುವವರು ‘ನಾನು’, ಇಷ್ಟವಾದದ್ದಕ್ಕೆ ‘ಅನ್ನು’. ‘ಬಾನಾ ಕಾಹ್ವೆ ಸೆವಿಯೊರ್’ ಎಂದರೆ ಟರ್ಕಿಶ್ ಕಿವಿಗೆ ಕಾಫಿಯೇ ಯಾರನ್ನೋ ಪ್ರೀತಿಸುತ್ತಿದೆ ಎಂದು ಕೇಳಿಸಿ, ಆ ‘ನನಗೆ’ ಎಲ್ಲಿ ಸೇರಬೇಕೆಂದು ತಿಳಿಯದೆ ನಿಲ್ಲುತ್ತದೆ.

ಪರಿಹಾರ ಕನ್ನಡದಲ್ಲೇ ಇದೆ. ಟರ್ಕಿಶ್‌ಗೆ ಹೋಗುವ ಮೊದಲು ಮನಸ್ಸಿನಲ್ಲಿ ಕನ್ನಡ ವಾಕ್ಯವನ್ನೇ ತಿರುಗಿಸಿಕೊಳ್ಳಿ. ‘ನನಗೆ ಕಾಫಿ ಇಷ್ಟ’ ಬಿಡಿ, ‘ನಾನು ಕಾಫಿಯನ್ನು ಇಷ್ಟಪಡುತ್ತೇನೆ’ ಎನ್ನಿ. ಮಾತಿನಲ್ಲಿ ಯಾರೂ ಹೀಗೆ ಅನ್ನುವುದಿಲ್ಲ, ಸ್ವಲ್ಪ ಪುಸ್ತಕದ ಹಾಗೆ ಕೇಳುತ್ತದೆ, ನಿಜ. ಆದರೆ ಈ ವಾಕ್ಯದ ಒಂದೊಂದು ತುಂಡೂ ಟರ್ಕಿಶ್‌ನಲ್ಲಿ ಅದೇ ಜಾಗದಲ್ಲಿ ಕೂರುತ್ತದೆ: ಕಾಫಿ-ಅನ್ನು, ಇಷ್ಟಪಡು-ತ್ತ-ಏನೆ, ಕಾಹ್ವೆ-ಯಿ, ಸೆವ್-ಇಯೊರ್-ಉಮ್. ‘ಕಾಹ್ವೆಯಿ ಸೆವಿಯೊರುಮ್.’ ‘ನಾನು’ ಎಂಬುದಕ್ಕೆ ಬೆನ್ ಎಂಬ ಪದವಿದೆ, ಆದರೆ ಕೊನೆಯ ‘ಉಮ್’ ನಮ್ಮ ‘ಏನೆ’ಯ ಕೆಲಸ ಮಾಡುವುದರಿಂದ ಅದನ್ನು ಹೇಳುವ ಅಗತ್ಯವಿಲ್ಲ. ಒತ್ತಿ ಹೇಳುವಾಗ ಮಾತ್ರ ಬೆನ್ ಬರುತ್ತದೆ: ಬೇರೆಯವರ ವಿಷಯ ಬಿಡಿ, ನಾನಂತೂ ಇಷ್ಟಪಡುತ್ತೇನೆ ಎನ್ನುವಂಥ ಕಡೆ.

ಮುಂದಕ್ಕೆ ಹೋಗುವ ಮುನ್ನ ಲಿಪಿಯ ಬಗ್ಗೆ ಒಂದು ಮಾತು. 1928ರಿಂದ ಟರ್ಕಿಶ್ ಅನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. 29 ಅಕ್ಷರ, ಅದರಲ್ಲಿ 8 ಸ್ವರ. ಮೂರು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಚುಕ್ಕಿಯಿಲ್ಲದ ‘ಐ’ ಅಕ್ಷರದ ಸ್ವರವನ್ನು ತುಟಿ ಗುಂಡಾಗಿಸದೆ ‘ಉ’ ಎಂದಂತೆ ಉಚ್ಚರಿಸಬೇಕು. ತುಳು ಬಲ್ಲವರಿಗೆ ಇದು ಸುಲಭ, ನೀರ್, ಕಣ್ಣ್ ಎನ್ನುವಾಗ ಕೊನೆಯಲ್ಲಿ ಅರ್ಧ ಕೇಳಿಸುವ ಉಕಾರ ಹತ್ತಿರ ಹತ್ತಿರ ಇದೇ. ಇಲ್ಲಿ ಅದನ್ನೂ ‘ಉ’ ಎಂದೇ ಬರೆದಿದ್ದೇನೆ. ಎರಡು ಚುಕ್ಕಿಯ ‘ಯು’ ಅಕ್ಷರಕ್ಕೆ ನಾಲಿಗೆಯನ್ನು ‘ಇ’ಗೆ ಇಟ್ಟು ತುಟಿಯನ್ನು ‘ಉ’ಗೆ ಗುಂಡಾಗಿಸಬೇಕು, ಎರಡು ಚುಕ್ಕಿಯ ‘ಓ’ಗೆ ನಾಲಿಗೆ ‘ಎ’ಯಲ್ಲಿ, ತುಟಿ ‘ಒ’ದಲ್ಲಿ. ಇವನ್ನು ‘ಯು’, ‘ಯೊ’ ಎಂದು ಸೂಚಿಸಿದ್ದೇನೆ. ಮೇಲೆ ಟೊಪ್ಪಿಗೆಯಿರುವ ‘ಜಿ’ ಅಕ್ಷರಕ್ಕೆ ಸ್ವಂತ ದನಿಯಿಲ್ಲ: ಹಿಂದಿನ ಸ್ವರವನ್ನು ಎಳೆಯುತ್ತದೆ, ಎ-ಇಗಳ ಪಕ್ಕದಲ್ಲಿ ‘ಯ’ದಂತೆ ಕೇಳುತ್ತದೆ. ಬೆಯೆನ್ಮೆಕ್‌ನಲ್ಲಿ ಇರುವುದು ಅದೇ. ಕಾಗುಣಿತ ಖಚಿತಪಡಿಸಿಕೊಳ್ಳಲು ತ್ಯುರ್ಕ್ ದಿಲ್ ಕುರುಮು ಎಂಬ ಸರ್ಕಾರಿ ಭಾಷಾ ಸಂಸ್ಥೆಯ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿದೆ.

ಈಗ ‘ಅನ್ನು’ ಪ್ರತ್ಯಯ. ತಪ್ಪುಗಳ ಅರ್ಧಪಾಲು ಇಲ್ಲೇ ಆಗುತ್ತವೆ, ಹಾಗಾಗಿ ಇದಕ್ಕೆ ಹೆಚ್ಚು ಸಮಯ ಕೊಡಿ. ಕನ್ನಡದಲ್ಲಿ ‘ಅನ್ನು’ ಒಂದೇ ರೂಪ. ಟರ್ಕಿಶ್‌ನಲ್ಲಿ ಪದದ ಕೊನೆಯ ಸ್ವರ ನೋಡಿಕೊಂಡು ಪ್ರತ್ಯಯ ನಾಲ್ಕು ಬಣ್ಣ ತಾಳುತ್ತದೆ. ಕೋಷ್ಟಕ ಬಾಯಿಪಾಠ ಮಾಡುವುದಕ್ಕಿಂತ ಹೀಗೆ ಹಿಡಿಯಿರಿ: ನಾಲಿಗೆ ಇದ್ದಲ್ಲೇ ಇರಲಿ, ತುಟಿ ಇದ್ದಂತೆಯೇ ಇರಲಿ. ಪೆಯ್ನಿರ್ (ಚೀಸ್) ಎನ್ನುವಾಗ ನಾಲಿಗೆ ಮುಂದಿದೆ, ತುಟಿ ಹರಡಿದೆ. ಹಾಗೇ ಮುಂದುವರಿಸಿದರೆ ‘ಪೆಯ್ನಿರಿ’. ಚಾಯ್ ಎನ್ನುವಾಗ ನಾಲಿಗೆ ಹಿಂದೆ, ತುಟಿ ಗುಂಡಾಗಿಲ್ಲ. ‘ಚಾಯು’, ಚುಕ್ಕಿಯಿಲ್ಲದ ಸ್ವರದೊಂದಿಗೆ. ಮುಜ಼್ (ಬಾಳೆಹಣ್ಣು), ಲಿಮೊನ್ ಎನ್ನುವಾಗ ಕೊನೆಯಲ್ಲಿ ತುಟಿ ಗುಂಡು. ‘ಮುಜ಼ು’, ‘ಲಿಮೊನು’, ನಮ್ಮ ಉಕಾರವೇ. ಸ್ಯುತ್ (ಹಾಲು) ಎನ್ನುವಾಗ ನಾಲಿಗೆ ಮುಂದೆ, ತುಟಿ ಗುಂಡು, ‘ಸ್ಯುತ್ಯು’.

ಸ್ವರದಲ್ಲಿ ಮುಗಿಯುವ ಪದಕ್ಕೆ ನಡುವೆ ‘ಯ್’ ಬರುತ್ತದೆ: ಕಾಹ್ವೆ, ಕಾಹ್ವೆಯಿ, ಬಾಕ್ಲಾವಾ, ಬಾಕ್ಲಾವಾಯು. ಶಾಲೆಯಲ್ಲಿ ಕಲಿತ ಯಕಾರಾಗಮ ನೆನಪಿದೆಯಲ್ಲ, ಮನೆ + ಅನ್ನು = ಮನೆಯನ್ನು, ಅದೇ ಇದು. ಪದ ಕ, ತ, ಪ, ಚಗಳಲ್ಲಿ ಮುಗಿದರೆ ಅನೇಕ ಕಡೆ ವ್ಯಂಜನ ಮೃದುವಾಗುತ್ತದೆ: ಕಿತಾಪ್ (ಪುಸ್ತಕ) ಕಿತಾಬು ಆಗುತ್ತದೆ, ಯೊಉರ್ತ್ (ಮೊಸರು) ಯೊಉರ್ದು ಆಗುತ್ತದೆ, ಎಕ್ಮೆಕ್ (ಬ್ರೆಡ್) ಎಕ್ಮೆಯಿ ಆಗುತ್ತದೆ. ಕತಪಗಳಿಗೆ ಗದಬ ಬರುವ ನಮ್ಮ ಆದೇಶ ಸಂಧಿಯ ನೆಂಟಸ್ತಿಕೆಯಂತೆ ಕಂಡರೂ ಒಂದು ವ್ಯತ್ಯಾಸವಿದೆ. ಮಳೆ + ಕಾಲ = ‘ಮಳೆಗಾಲ’ ಎಂಬಲ್ಲಿ ಮೃದುವಾಗುವುದು ಎರಡನೆಯ ಪದದ ಮೊದಲ ಅಕ್ಷರ, ಟರ್ಕಿಶ್‌ನಲ್ಲಿ ಮೊದಲ ಪದದ ಕೊನೆಯ ಅಕ್ಷರ. ಸ್ಯುತ್, ಎತ್ (ಮಾಂಸ) ಮುಂತಾದ ಒಂದೇ ಉಚ್ಚಾರಾಂಶದ ಪದಗಳು ಬಹುತೇಕ ಮೃದುವಾಗುವುದಿಲ್ಲ.

ಜೋಡಿಪದಗಳಲ್ಲಿ ಇನ್ನೊಂದು ಗುಂಡಿ ಇದೆ. ‘ತ್ಯುರ್ಕ್ ಕಾಹ್ವೆಸಿ’ (ಟರ್ಕಿಶ್ ಕಾಫಿ) ಎಂಬುದರ ಕೊನೆಯ ‘ಸಿ’ ಆಗಲೇ ಒಂದು ಸಂಬಂಧ ಪ್ರತ್ಯಯ. ಅದರ ಮುಂದೆ ‘ಯ್’ ಬರುವುದಿಲ್ಲ, ‘ನ್’ ಬರುತ್ತದೆ: ‘ತ್ಯುರ್ಕ್ ಕಾಹ್ವೆಸಿನಿ ಸೆವಿಯೊರುಮ್’. ‘ಕಾಹ್ವೆಸಿಯಿ’ ಎಂದರೆ ತಪ್ಪು. ಊರು, ದೇಶ, ವ್ಯಕ್ತಿಗಳ ಹೆಸರಿಗೆ ಪ್ರತ್ಯಯ ಹಚ್ಚುವಾಗ ಬರಹದಲ್ಲಿ ನಡುವೆ ಒಂದು ಮೇಲ್ಚುಕ್ಕೆ ಹಾಕುತ್ತಾರೆ: ಇಸ್ತಾನ್‌ಬುಲ್’ಉ, ಆಂಕಾರಾ’ಯು. ನಿಮ್ಮ ಊರನ್ನು ಹೊಗಳಬೇಕಾದಾಗ ಬೆಂಗಳೂರು’ಯು ಸೆವಿಯೊರುಮ್, ಮೈಸೂರು’ಯು ಸೆವಿಯೊರುಮ್. ಎರಡೂ ಉಕಾರದಲ್ಲಿ ಮುಗಿಯುವುದರಿಂದ ‘ಯು’.

‘ಅನ್ನು’ ಯಾವಾಗ ಬಿಡಬಹುದು? ಇದೂ ಕನ್ನಡಿಗರಿಗೆ ಗೊತ್ತಿರುವ ಸಂಗತಿ. ‘ಪುಸ್ತಕ ಓದಿದೆ’ ಎಂದರೆ ಯಾವುದೋ ಒಂದು, ‘ಪುಸ್ತಕವನ್ನು ಓದಿದೆ’ ಎಂದರೆ ಇಂಥದ್ದೇ ಎಂಬ ಭಾವ. ಟರ್ಕಿಶ್‌ನಲ್ಲಿ ಕಿತಾಪ್ ಒಕುದುಮ್, ಕಿತಾಬು ಒಕುದುಮ್ ಇವೆರಡರ ನಡುವೆಯೂ ಅದೇ ಅಂತರ, ನಮ್ಮದಕ್ಕಿಂತ ಹೆಚ್ಚು ಕಟ್ಟುನಿಟ್ಟು. ಸೆವ್ಮೆಕ್‌ನ ಮಟ್ಟಿಗೆ ಮನುಷ್ಯರು, ಹೆಸರುಗಳು, ‘ಈ’ ‘ಆ’ ಎಂದು ತೋರಿಸಿದ ವಸ್ತುಗಳಿಗೆ ಪ್ರತ್ಯಯ ಕಡ್ಡಾಯ. ‘ಕಾಹ್ವೆ ಸೆವೆರ್ ಮಿಸಿನ್?’ (ಕಾಫಿ ಇಷ್ಟಪಡ್ತೀಯಾ?) ಎಂಬಂಥ ಸಾಮಾನ್ಯ ಅಭಿರುಚಿಯ ಮಾತಿನಲ್ಲಿ ಪ್ರತ್ಯಯ ಬಿಟ್ಟೂ ಹೇಳುತ್ತಾರೆ. ಆದರೆ ಸೆವಿಯೊರುಮ್ ಎನ್ನುವಾಗ ಹಚ್ಚುವುದೇ ಕ್ಷೇಮ.

ಇನ್ನು ಸೆವಿಯೊರುಮ್ ಮತ್ತು ಸೆವೆರಿಮ್.

ಸೆವಿಯೊರುಮ್, ಸೆವಿಯೊರ್ಸುನ್, ಸೆವಿಯೊರ್, ಸೆವಿಯೊರುಜ಼್, ಸೆವಿಯೊರ್ಸುನುಜ಼್, ಸೆವಿಯೊರ್ಲಾರ್. ನಾನು, ನೀನು, ಅವನು-ಅವಳು-ಅದು, ನಾವು, ನೀವು, ಅವರು. ಗಂಡು, ಹೆಣ್ಣು, ನಪುಂಸಕ ಎಂಬ ಭೇದವೇ ಇಲ್ಲ; ಮೂವರಿಗೂ ಒಂದೇ ಸೆವಿಯೊರ್. ‘ಯೊರ್’ ಎಂಬ ತುಂಡು ಮಾತ್ರ ಸ್ವರದ ನಿಯಮಕ್ಕೆ ಬಗ್ಗುವುದಿಲ್ಲ. ಹಿಂದೊಮ್ಮೆ ಅದು ‘ನಡೆ, ಸಾಗು’ ಎಂಬ ಅರ್ಥದ ಸ್ವತಂತ್ರ ಕ್ರಿಯಾಪದವಾಗಿತ್ತು, ಪ್ರತ್ಯಯವಾದ ಮೇಲೂ ತನ್ನ ‘ಒ’ ಉಳಿಸಿಕೊಂಡಿದೆ. ಹಾಗಾಗಿ ಧಾತು ಯಾವುದೇ ಇರಲಿ, ಕೊನೆಗೆ ‘ಉಮ್, ಸುನ್, ಉಜ಼್’ ಎಂದೇ ಬರುತ್ತದೆ. ವೇಗದ ಮಾತಿನಲ್ಲಿ ‘ರ್’ ಕರಗಿ ‘ಸೆವಿಯೊ’, ‘ಸೆವಿಯೊಸುನ್’ ಎಂದು ಕೇಳುತ್ತದೆ. ಕೇಳಿ ಅರ್ಥಮಾಡಿಕೊಂಡರೆ ಸಾಕು, ಬರೆಯುವಾಗ ಪೂರ್ತಿ ಬರೆಯಿರಿ.

ಸೆವೆರಿಮ್, ಸೆವೆರ್ಸಿನ್, ಸೆವೆರ್, ಸೆವೆರಿಜ಼್, ಸೆವೆರ್ಸಿನಿಜ಼್, ಸೆವೆರ್ಲೆರ್. ಇದು ಸ್ವಭಾವವನ್ನು, ರೂಢಿಯನ್ನು ಹೇಳುವ ಕಾಲ. ‘ಕೆದಿಲೆರಿ ಸೆವೆರಿಮ್’ ಎಂದರೆ ಬೆಕ್ಕು ಎಂದರೆ ನನಗೆ ಮೊದಲಿಂದಲೂ ಇಷ್ಟ. ‘ಕೆದಿಲೆರಿ ಸೆವಿಯೊರುಮ್’ ಎಂದರೂ ತಪ್ಪಿಲ್ಲ, ಆಗ ಭಾವ ಸ್ವಲ್ಪ ಹತ್ತಿರ, ಸ್ವಲ್ಪ ಬೆಚ್ಚಗೆ. ವಸ್ತುಗಳ ವಿಷಯದಲ್ಲಿ ಎರಡನ್ನೂ ಬಳಸಬಹುದು, ಜನರ ವಿಷಯದಲ್ಲಿ ಹಾಗಲ್ಲ. ‘ಸೆನಿ ಸೆವಿಯೊರುಮ್’ ಪೂರ್ತಿ ಪ್ರೀತಿ. ‘ಸೆನಿ ಸೆವೆರಿಮ್’ ಎಂದರೆ ‘ನಿನ್ನ ಮೇಲೆ ನನಗೆ ಅಭಿಮಾನವಿದೆ’ ಎಂಬಷ್ಟಕ್ಕೆ ಇಳಿಯುತ್ತದೆ, ಅದರ ಬೆನ್ನಿಗೆ ‘ಆಮಾ’ (ಆದರೆ) ಬರುತ್ತದೇನೋ ಎಂದು ಕೇಳುವವರು ಕಾಯುತ್ತಾರೆ. ತಾಯಿಗೆ, ಸಂಗಾತಿಗೆ, ಮಕ್ಕಳಿಗೆ ಸೆವಿಯೊರುಮ್ ಎನ್ನಿ: ‘ಆನ್ನೆಮಿ ಚೊಕ್ ಸೆವಿಯೊರುಮ್’, ಅಮ್ಮನನ್ನು ತುಂಬಾ ಪ್ರೀತಿಸುತ್ತೇನೆ. ಅಪರಿಚಿತರನ್ನು, ಹಿರಿಯರನ್ನು ಅಭಿರುಚಿ ಕೇಳುವಾಗ ಸೆವೆರ್ ರೂಪ ಹೆಚ್ಚು ಸೌಮ್ಯ: ‘ತ್ಯುರ್ಕ್ ಕಾಹ್ವೆಸಿ ಸೆವೆರ್ ಮಿಸಿನಿಜ಼್?’ ಸೆನ್ ಎಂದರೆ ನೀನು, ಸಿಜ಼್ ಎಂದರೆ ನೀವು. ಈ ಮರ್ಯಾದೆಯ ಲೆಕ್ಕವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲ ಎನ್ನುವುದು ಹೇಗೆ? ಧಾತುವಿನ ಬೆನ್ನಿಗೇ ‘ಮೆ’ ಸೇರಿಸಬೇಕು. ಯೊರ್ ಮುಂದೆ ಬಂದಾಗ ಈ ‘ಮೆ’ ಕುಗ್ಗಿ ‘ಮಿ’ ಆಗುತ್ತದೆ: ಸೆವ್-ಮಿ-ಯೊರ್-ಉಮ್. ಒತ್ತು ಎಲ್ಲಿ ಬೀಳುತ್ತದೆ ಗಮನಿಸಿ. ಸೆವಿಯೊರುಮ್‌ನಲ್ಲಿ ‘ವಿ’ ಮೇಲೆ, ಸೆವ್ಮಿಯೊರುಮ್‌ನಲ್ಲಿ ‘ಸೆವ್’ ಮೇಲೆ. ಸಂತೆಯ ಗದ್ದಲದಲ್ಲಿ ಹೌದೋ ಅಲ್ಲವೋ ಎಂದು ಟರ್ಕಿಶ್ ಕಿವಿ ಗುರುತಿಸುವುದು ಬಹುಪಾಲು ಈ ಒತ್ತಿನಿಂದಲೇ. ರೂಢಿಯ ಕಾಲದ ನಿಷೇಧ ಮಾತ್ರ ಅಡ್ಡದಾರಿ ಹಿಡಿದಿದೆ, ಇದನ್ನು ಹಾಗೇ ನೆನಪಿಡಬೇಕು: ಸೆವ್ಮೆಮ್, ಸೆವ್ಮೆಜ಼್ಸಿನ್, ಸೆವ್ಮೆಜ಼್, ಸೆವ್ಮೆಯಿಜ಼್, ಸೆವ್ಮೆಜ಼್ಸಿನಿಜ಼್, ಸೆವ್ಮೆಜ಼್ಲೆರ್. ‘ಸೆವ್ಮೆರಿಮ್’ ಎಂಬ ರೂಪ ಇಲ್ಲ.

ಪ್ರಶ್ನೆ ಕೇಳುವಾಗ ನಾವು ವಾಕ್ಯದ ತುದಿಗೆ ‘ಆ’ ಸೇರಿಸುತ್ತೇವೆ: ಪ್ರೀತಿಸುತ್ತೀಯಾ? ಟರ್ಕಿಶ್‌ನಲ್ಲಿ ‘ಮಿ’ (ಸ್ವರಕ್ಕೆ ತಕ್ಕಂತೆ ಮು, ಮ್ಯು) ಬಿಡಿಯಾಗಿ ನಿಲ್ಲುತ್ತದೆ. ಸೆವ್ದಿನ್ ಮಿ? ಎಂದರೆ ಇಷ್ಟಪಟ್ಟೆಯಾ? ಇದು ಕನ್ನಡದ ಕ್ರಮವೇ. ಆದರೆ ವರ್ತಮಾನದಲ್ಲಿ ‘ನೀನು’ ಎಂಬ ತುಂಡು ಪ್ರಶ್ನೆಯ ಹಿಂದಕ್ಕೆ ಜಿಗಿಯುತ್ತದೆ: ಸೆವಿಯೊರ್ ಮುಸುನ್? ಸೆವೆರ್ ಮಿಸಿನ್? ‘ಸೆವಿಯೊರ್ಸುನ್ ಮು’ ಎಂದು ಕನ್ನಡದ ಲೆಕ್ಕದಲ್ಲಿ ಜೋಡಿಸುವುದು ಆರಂಭದಲ್ಲಿ ಎಲ್ಲ ಕನ್ನಡಿಗರೂ ಮಾಡುವ ತಪ್ಪು. ‘ದಿ’ ಭೂತಕಾಲಕ್ಕೆ ಮಿ ಕೊನೆಯಲ್ಲಿ, ಯೊರ್ ಮತ್ತು ಎರ್‌ಗೆ ಮಿ ನಡುವೆ: ಅಷ್ಟು ಇಟ್ಟುಕೊಂಡರೆ ಸಾಕು.

ಈಜೋದು ಇಷ್ಟ, ಓದೋದು ಇಷ್ಟ ಎನ್ನುವುದಕ್ಕೆ ಬರೋಣ. ಈಜು ಎಂಬುದು ಯುಜ಼್ಮೆಕ್. ಕೊನೆಯ ‘ಕ್’ ತೆಗೆದು ‘ಯಿ’ ಸೇರಿಸಿದರೆ ಯುಜ಼್ಮೆಯಿ, ಈಜುವುದನ್ನು. ‘ಯುಜ಼್ಮೆಯಿ ಸೆವಿಯೊರುಮ್.’ ‘ಕಿತಾಪ್ ಒಕುಮಾಯು ಸೆವಿಯೊರುಮ್’, ಪುಸ್ತಕ ಓದುವುದನ್ನು ಇಷ್ಟಪಡುತ್ತೇನೆ. ನಮ್ಮ ‘ಉವುದನ್ನು’ ಇಲ್ಲಿ ಅಕ್ಷರಶಃ ಸರಿಹೊಂದುತ್ತದೆ, ಇದು ಕನ್ನಡಿಗರಿಗೆ ಸಿಕ್ಕ ಲಾಭ. ತಪ್ಪು ಹುಟ್ಟುವುದು ಇಸ್ತೆಮೆಕ್ (ಬೇಕೆನ್ನು, ಬಯಸು) ಎಂಬ ಕ್ರಿಯಾಪದದಿಂದ. ಅದು ಪ್ರತ್ಯಯವಿಲ್ಲದ ರೂಪವನ್ನು ಬೇಡುತ್ತದೆ: ‘ಯುಜ಼್ಮೆಕ್ ಇಸ್ತಿಯೊರುಮ್’, ಈಜಬೇಕು ಅಂತಿದ್ದೇನೆ. ಎರಡನ್ನೂ ಒಂದೇ ವಾರ ಕಲಿತವರು ‘ಯುಜ಼್ಮೆಕ್ ಸೆವಿಯೊರುಮ್’ ಎನ್ನತೊಡಗುತ್ತಾರೆ. ಜೋಡಿಯಾಗಿಯೇ ಬಾಯಿಗೆ ಹತ್ತಿಸಿಕೊಳ್ಳಿ: ಮೆಕ್ ಇಸ್ತಿಯೊರುಮ್, ಮೆಯಿ ಸೆವಿಯೊರುಮ್. ಇಲ್ಲೂ ಒತ್ತಿನ ಆಟವಿದೆ. ‘ಯುಜ಼್ಮೆ’ಯ ಒತ್ತು ‘ಮೆ’ ಮೇಲೆ ಬಿದ್ದರೆ ಈಜುವಿಕೆ; ‘ಯುಜ಼್’ ಮೇಲೆ ಬಿದ್ದರೆ ‘ಈಜಬೇಡ’.

ಇದೇ ಧಾತುವಿನಿಂದ ಬಹಳ ಬೇಗ ಕೆಲಸಕ್ಕೆ ಬರುವ ರೂಪ ‘ಸೆವ್ದಿಯಿಮ್’: ನಾನು ಇಷ್ಟಪಡುವ. ಮುಂದೆ ‘ಎನ್’ (ಅತಿ) ಇಟ್ಟರೆ ಅಚ್ಚುಮೆಚ್ಚಿನ ಎಂದಾಯಿತು. ‘ಎನ್ ಸೆವ್ದಿಯಿಮ್ ರೆಂಕ್ ಮಾವಿ’, ನನ್ನ ಅಚ್ಚುಮೆಚ್ಚಿನ ಬಣ್ಣ ನೀಲಿ. ‘ಎನ್ ಸೆವ್ದಿಯಿನ್ ಯೆಮೆಕ್ ನೆ?’, ನಿನಗೆ ತುಂಬಾ ಇಷ್ಟವಾದ ಅಡುಗೆ ಯಾವುದು? ಹೊಸಬರ ಜತೆ ಹತ್ತು ನಿಮಿಷ ಮಾತು ಬೆಳೆಸಲು ಈ ಒಂದು ಚೌಕಟ್ಟು ಸಾಕಾಗುತ್ತದೆ.

ಸೆವ್ಮೆಕ್‌ಗೆ ನಿಘಂಟು ಕೊಡುವ ಇನ್ನೊಂದು ಅರ್ಥ ನನಗೆ ಬಹಳ ಪ್ರಿಯ: ಮುದ್ದು ಮಾಡು, ಸವರು. ಇಸ್ತಾನ್‌ಬುಲ್‌ನ ಬೀದಿಗಳಲ್ಲಿ, ಅಂಗಡಿಯ ಮೆಟ್ಟಿಲಲ್ಲಿ, ಚಹಾದ ಮೇಜಿನ ಪಕ್ಕದ ಕುರ್ಚಿಯಲ್ಲಿ ಬೆಕ್ಕುಗಳಿರುತ್ತವೆ. ಯಾರದೋ ಮಡಿಲಲ್ಲಿ ಮಲಗಿರುವ ಬೆಕ್ಕಿನ ತಲೆ ಸವರಬೇಕೆನಿಸಿದರೆ ‘ಕೆದಿಯಿ ಸೆವೆಬಿಲಿರ್ ಮಿಯಿಮ್?’ ಎಂದು ಕೇಳುತ್ತಾರೆ. ‘ಪ್ರೀತಿಸಬಹುದೇ’ ಎಂದಲ್ಲ, ‘ಮುದ್ದಿಸಬಹುದೇ’ ಎಂದು ಅರ್ಥ.

ಬೇರೆ ಕ್ರಿಯಾಪದಗಳು. ಒಂದೊಂದಕ್ಕೂ ಅದರದೇ ವಿಭಕ್ತಿ ಇದೆ, ಕ್ರಿಯಾಪದವನ್ನು ವಿಭಕ್ತಿಯ ಸಮೇತ ಕಲಿಯದಿದ್ದರೆ ಅರ್ಧ ಕಲಿತಂತೆ.

ಬೆಯೆನ್ಮೆಕ್ ‘ಅನ್ನು’ವಿನೊಂದಿಗೆ ಬರುತ್ತದೆ. ನೋಡಿ, ರುಚಿ ನೋಡಿ, ಪರೀಕ್ಷಿಸಿ ಮೆಚ್ಚುವುದು: ಕನ್ನಡದ ‘ಮೆಚ್ಚು’ ಇದಕ್ಕೆ ಸರಿಯಾದ ಜೋಡಿ. ಅಂಗಡಿಯಲ್ಲಿ ಬಟ್ಟೆ, ತಟ್ಟೆಯಲ್ಲಿ ಊಟ, ಮೊದಲ ಸಲ ಕಂಡ ಊರು. ‘ಬೆಯೆನ್ದಿಮ್’ ಎಂದು ಭೂತಕಾಲದಲ್ಲೇ ಹೇಳುತ್ತಾರೆ. ನಾವು ‘ಇಷ್ಟವಾಯಿತು’ ಎನ್ನುವ ಹಾಗೆ. ಸಾಮಾಜಿಕ ಜಾಲತಾಣಗಳಲ್ಲಿ ಲೈಕ್ ಗುಂಡಿಯ ಮೇಲೆ ಟರ್ಕಿಶ್‌ನಲ್ಲಿ ಬರೆದಿರುವುದು ‘ಬೆಯೆನ್’. ಸಿನಿಮಾ ನೋಡಿ ಬಂದು ‘ಫಿಲ್ಮಿ ಬೆಯೆನ್ದಿಮ್’ ಎಂದರೆ ಚೆನ್ನಾಗಿತ್ತು ಎಂಬ ತೀರ್ಪು, ‘ಫಿಲ್ಮಿ ಚೊಕ್ ಸೆವ್ದಿಮ್’ ಎಂದರೆ ಮನಸ್ಸಿಗೆ ಹತ್ತಿತು.

ಹೊಶ್ಲಾನ್ಮಾಕ್ ‘ಇಂದ’ ಪ್ರತ್ಯಯ ಬೇಡುತ್ತದೆ: ಕಾಹ್ವೆದೆನ್, ಯುಜ಼್ಮೆಕ್ತೆನ್ (ಇಲ್ಲಿ ‘ಕ್’ ಉಳಿಯುತ್ತದೆ). ವಸ್ತುಗಳಿಗೆ, ಹವ್ಯಾಸಗಳಿಗೆ ಇದು ಹಗುರಾದ ಇಷ್ಟ. ಮನುಷ್ಯರ ವಿಷಯಕ್ಕೆ ಬಂದರೆ ತಲೆಕೆಳಗು. ‘ಸೆನ್ದೆನ್ ಹೊಶ್ಲಾನುಯೊರುಮ್’ ಎಂದರೆ ‘ನಿನ್ನ ಮೇಲೆ ನನಗೆ ಮನಸ್ಸಾಗಿದೆ’. ಪ್ರೀತಿ ಎಂಬುದು ದೊಡ್ಡ ಮಾತಾಯಿತು, ಸುಮ್ಮನೆ ಇಷ್ಟ ಎನ್ನೋಣ ಎಂದು ಸ್ನೇಹಿತರ ಮುಂದೆ, ಮೇಷ್ಟರ ಮುಂದೆ ಇದನ್ನು ಬಳಸಿದರೆ ಮಾತು ಎಲ್ಲಿಗೋ ಹೋಗುತ್ತದೆ. ‘ಒಯ್‌ರೆತ್ಮೆನಿಮಿ ಸೆವಿಯೊರುಮ್’ (ನನ್ನ ಮೇಷ್ಟರೆಂದರೆ ನನಗೆ ಇಷ್ಟ) ಎಂಬುದೇ ಇಲ್ಲಿ ನಿರಪಾಯ.

ನಿಮ್ಮ ‘ನನಗೆ ಇಷ್ಟವಾಯಿತು’ ಎಂಬ ಕನ್ನಡ ಚೌಕಟ್ಟಿಗೆ ತೀರಾ ಹತ್ತಿರದ ಟರ್ಕಿಶ್ ಮಾತೂ ಒಂದಿದೆ: ‘ಹೊಶುಮಾ ಗಿತ್ತಿ’. ಪದಶಃ ‘ನನ್ನ ಹೊಶ್‌ಗೆ ಹೋಯಿತು’. ಹೊಶ್ ಪಾರ್ಸಿಯಿಂದ ಬಂದ ಪದ, ನಮ್ಮ ‘ಖುಷಿ’ಯ ಬೇರೂ ಅದೇ. ಇಲ್ಲಿ ಇಷ್ಟವಾದ ವಸ್ತುವೇ ಕರ್ತೃ, ‘ನಾನು’ ಚತುರ್ಥಿಯೊಳಗೆ ಕೂತಿದ್ದೇನೆ. ‘ಬು ಶೆಹಿರ್ ಹೊಶುಮಾ ಗಿತ್ತಿ’, ಈ ಊರು ನನಗೆ ಇಷ್ಟವಾಯಿತು. ನಿನಗೆ ಇಷ್ಟವಾಯಿತೇ? ‘ಹೊಶುನಾ ಗಿತ್ತಿ ಮಿ?’ ಆರಂಭದ ದಿನಗಳಲ್ಲಿ ಸೆವ್ಮೆಕ್‌ನ ವಿಭಕ್ತಿ ತಡವರಿಸಿದರೆ ಇದು ನಿಮ್ಮನ್ನು ಕಾಪಾಡುತ್ತದೆ, ಏಕೆಂದರೆ ವಸ್ತುವಿನ ಹೆಸರಿಗೆ ಯಾವ ಪ್ರತ್ಯಯವೂ ಬೇಡ.

ಬಾಯುಲ್ಮಾಕ್ ಎಂದರೆ ಮೂರ್ಛೆ ಹೋಗು. ‘ಗೆ’ ಪ್ರತ್ಯಯದೊಂದಿಗೆ ಬಂದಾಗ ‘ಎಂದರೆ ಪ್ರಾಣ’: ‘ಬಾಕ್ಲಾವಾಯಾ ಬಾಯುಲುರುಮ್’. ಯಾರಾದರೂ ಉಡುಗೊರೆ ಕೊಟ್ಟಾಗ ಬಿಚ್ಚಿ ನೋಡಿ ‘ಬಾಯುಲ್ದುಮ್!’ ಎನ್ನುವುದು ವಾಡಿಕೆ. ನೆಫ್ರೆತ್ ಎತ್ಮೆಕ್ (ದ್ವೇಷಿಸು) ‘ಇಂದ’ ಬೇಡುತ್ತದೆ. ಉರ್ದು, ದಖನಿ ಬಲ್ಲವರಿಗೆ ನಫ್ರತ್ ಪರಿಚಿತವೇ. ಕೊರ್ಕ್ಮಾಕ್ (ಹೆದರು) ಕೂಡ ‘ಇಂದ’: ನಾವು ನಾಯಿಗೆ ಹೆದರುತ್ತೇವೆ, ಟರ್ಕಿಯವರು ನಾಯಿಯಿಂದ ಹೆದರುತ್ತಾರೆ, ‘ಕ್ಯೊಪೆಕ್ತೆನ್ ಕೊರ್ಕುಯೊರುಮ್’. ಕುಜ಼್ಮಾಕ್ (ಸಿಟ್ಟಾಗು) ‘ಗೆ’: ನಮಗೆ ಯಾರ ಮೇಲೋ ಸಿಟ್ಟು, ಅವರಿಗೆ ಯಾರಿಗೋ ಸಿಟ್ಟು, ‘ಬಾನಾ ಕುಜ಼್ದು’. ನೀವು ತಪ್ಪು ಜಾಗದಲ್ಲಿಟ್ಟಿದ್ದ ಬಾನಾಕ್ಕೆ ಸರಿಯಾದ ಜಾಗ ಇಂಥದ್ದು.

ಎರಡರಲ್ಲಿ ಯಾವುದು ಹೆಚ್ಚು ಇಷ್ಟ ಎನ್ನಲು ‘ಗಿಂತ’ದ ಜಾಗದಲ್ಲಿ ‘ದೆನ್’ ಹಾಕಿ: ‘ಚಾಯು ಕಾಹ್ವೆದೆನ್ ದಾಹಾ ಚೊಕ್ ಸೆವಿಯೊರುಮ್’, ಚಹಾವನ್ನು ಕಾಫಿಗಿಂತ ಹೆಚ್ಚು. ಸ್ವಲ್ಪ ಔಪಚಾರಿಕವಾಗಿ ‘ಚಾಯು ಕಾಹ್ವೆಯೆ ತೆರ್ಜಿಹ್ ಎದೆರಿಮ್’ ಎನ್ನುತ್ತಾರೆ. ಆಗ ಬಿಟ್ಟದ್ದಕ್ಕೆ ‘ಗೆ’ ಬರುತ್ತದೆ. ಈಗ ಈ ಕ್ಷಣ ಚಹಾ ಕುಡಿಯೋಣ ಅನ್ನಿಸುತ್ತಿದೆ ಎಂಬುದಕ್ಕೆ ಇನ್ನೂ ಚೆಂದದ ಮಾತಿದೆ: ‘ಜಾನುಮ್ ಚಾಯ್ ಇಸ್ತಿಯೊರ್’, ನನ್ನ ಜೀವ ಚಹಾ ಬೇಡುತ್ತಿದೆ.

ಒಂದು ಎಚ್ಚರಿಕೆ. ಟರ್ಕಿಶ್‌ನಲ್ಲಿ ‘ಇಶ್’ ಸೇರಿಸಿದರೆ ‘ಒಬ್ಬರನ್ನೊಬ್ಬರು’ ಎಂಬ ಅರ್ಥ ಬರುತ್ತದೆ ಎಂದು ವ್ಯಾಕರಣ ಕಲಿಸುತ್ತದೆ. ಆ ಲೆಕ್ಕದಲ್ಲಿ ‘ಸೆವಿಶ್ಮೆಕ್’ ಎಂದು ಕಟ್ಟಬೇಡಿ. ಇಂದಿನ ಬಳಕೆಯಲ್ಲಿ ಅದಕ್ಕೆ ದೈಹಿಕ ಸಂಭೋಗ ಎಂದೇ ಅರ್ಥ. ನಾವು ಪರಸ್ಪರ ಪ್ರೀತಿಸುತ್ತೇವೆ ಎನ್ನಲು ‘ಬಿರ್ಬಿರಿಮಿಜ಼ಿ ಸೆವಿಯೊರುಜ಼್’. ‘ಸೆವಿನ್ದಿಮ್’ ಎಂಬುದು ಇನ್ನೊಂದು, ‘ಸಂತೋಷವಾಯಿತು’ ಎಂದು. ಇದನ್ನು ಧಾರಾಳವಾಗಿ ಬಳಸಿ. ಪತ್ರದ ಆರಂಭದ ‘ಸೆವ್ಗಿಲಿ’ ನಮ್ಮ ‘ಪ್ರೀತಿಯ’. ಹೆಸರಿಲ್ಲದೆ ನಾಮಪದವಾಗಿ ಬಂದರೆ ಪ್ರಿಯಕರ ಅಥವಾ ಪ್ರೇಯಸಿ.

ಅಭ್ಯಾಸ ಹೀಗಿರಲಿ. ಹೊರಡಲು ನಾಲ್ಕು ವಾರ ಇದೆ ಎಂದುಕೊಂಡರೆ ದಿನಕ್ಕೆ 15 ನಿಮಿಷ ಸಾಕು. ಮೊದಲ ವಾರ ಅಡುಗೆಮನೆಯ 12 ಪದಾರ್ಥಗಳ ಹೆಸರು ತೆಗೆದುಕೊಂಡು, ಸ್ವರದ ನಾಲ್ಕು ಗುಂಪಿಗೂ ಮೂರು ಮೂರರಂತೆ ಹಂಚಿ, ಸೆವಿಯೊರುಮ್ ಮತ್ತು ಸೆವ್ಮಿಯೊರುಮ್ ಎರಡರಲ್ಲೂ ಗಟ್ಟಿಯಾಗಿ ಹೇಳಿ. ಬರೆಯುವುದಕ್ಕಿಂತ ಗಟ್ಟಿಯಾಗಿ ಹೇಳುವುದು ಮುಖ್ಯ, ಸ್ವರ ಸಾಮರಸ್ಯ (ಪದದ ಸ್ವರಕ್ಕೆ ಪ್ರತ್ಯಯದ ಸ್ವರ ಹೊಂದಿಕೊಳ್ಳುವುದು) ಕೂರುವುದು ಬಾಯಲ್ಲಿ. ಎರಡನೆಯ ವಾರ ಅದೇ 12 ಪದಗಳಿಗೆ ಪ್ರಶ್ನೆ ರೂಪ, ಸೆನ್ ಮತ್ತು ಸಿಜ಼್ ಎರಡರಲ್ಲೂ. ಮೂರನೆಯ ವಾರ ಆರು ಕೆಲಸಗಳನ್ನು ಮೆಯಿ ಸೆವಿಯೊರುಮ್, ಮೆಕ್ ಇಸ್ತಿಯೊರುಮ್ ಜೋಡಿಯಾಗಿ. ಹೊಶ್ಲಾನ್ಮಾಕ್ ಮತ್ತು ಬಾಯುಲ್ಮಾಕ್ ಕೊನೆಯ ವಾರಕ್ಕೆ ಇರಲಿ. ಮೂರು ವಿಭಕ್ತಿಗಳನ್ನು ಒಟ್ಟಿಗೆ ಎತ್ತಿಕೊಂಡರೆ ಎಲ್ಲವೂ ಕಲಸಿಹೋಗುತ್ತದೆ.

ಇನ್ನು ಊಟದ ಮನೆ. ಅಲ್ಲಿ ‘ಎತ್ ಸೆವ್ಮೆಮ್’ (ಮಾಂಸ ನನಗೆ ಹಿಡಿಸುವುದಿಲ್ಲ) ಎಂದು ಹೇಳಬೇಡಿ. ಅದು ಬರೀ ರುಚಿಯ ಮಾತಾಗುತ್ತದೆ, ‘ಒಂದು ತುತ್ತು ನೋಡಿ’ ಎಂಬ ಒತ್ತಾಯ ಬರುತ್ತದೆ. ‘ಎತ್ ಯೆಮಿಯೊರುಮ್’ (ಮಾಂಸ ತಿನ್ನುವುದಿಲ್ಲ) ಎಂದರೂ ಪೂರ್ತಿಯಲ್ಲ, ಏಕೆಂದರೆ ರೂಢಿಯಲ್ಲಿ ಎತ್ ಎಂದರೆ ಕುರಿ, ದನದ ಮಾಂಸ. ಕೋಳಿ ಮೀನು ಅದರೊಳಗೆ ಬರುವುದಿಲ್ಲ ಎಂದುಕೊಳ್ಳುವವರು ಬಹಳ. ಮೂರನ್ನೂ ಹೆಸರಿಸಿ: ‘ಎತ್, ತಾವುಕ್, ಬಾಲುಕ್ ಯೆಮಿಯೊರುಮ್.’ ಇದನ್ನು ಹೋಗುವ ಮುಂಚೆಯೇ ಸಹೋದ್ಯೋಗಿಗೆ ತಿಳಿಸಿ, ಬಡಿಸಿದ ಮೇಲಲ್ಲ. ಮೆರ್ಜಿಮೆಕ್ ಚೊರ್ಬಾಸು (ಮಸೂರ ಬೇಳೆಯ ಸೂಪ್) ನೋಡಲು ಶುದ್ಧ ಸಸ್ಯಾಹಾರ, ಆದರೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರುವ ಸಾಧ್ಯತೆ ಇದೆ. ‘ಇಚಿನ್ದೆ ಎತ್ ಸುಯು ವಾರ್ ಮು?’ ಎಂದು ಕೇಳಿಕೊಳ್ಳಿ. ಹುಡುಕಬೇಕಾದ ಪದ ‘ಜ಼ೆಯ್ತಿನ್ಯಾಲು’: ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿ ಪದಾರ್ಥಗಳ ಗುಂಪು, ಇದರಲ್ಲಿ ಸಾಮಾನ್ಯವಾಗಿ ಮಾಂಸವಿರುವುದಿಲ್ಲ. ಅದರಲ್ಲೊಂದು ‘ಇಮಾಮ್ ಬಾಯುಲ್ದು’, ಇಮಾಮರು ಮೂರ್ಛೆ ಹೋದರು ಎಂದು. ಮೇಲೆ ಹೇಳಿದ ಬಾಯುಲ್ಮಾಕ್ ಇಲ್ಲಿ ಅಡುಗೆಯ ಹೆಸರಾಗಿದೆ. ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ತುಂಬಿದ ಬದನೆಕಾಯಿ. ತೋರಿಕೆಗೆ ಥೇಟ್ ಹಾಗೇ ಕಾಣುವ ‘ಕಾರ್ನುಯಾರುಕ್’ ಒಳಗೆ ಕೊಚ್ಚಿದ ಮಾಂಸ ಇರುತ್ತದೆ, ಹೆಸರು ಕೇಳದೆ ತಟ್ಟೆಗೆ ಹಾಕಿಸಿಕೊಳ್ಳಬೇಡಿ.

ಬಡಿಸಿದ್ದು ಹಿಡಿಸದಿದ್ದರೆ ‘ಹಿಚ್ ಸೆವ್ಮೆಮ್’ ಎಂದರೆ ಒರಟು, ‘ಒಂದಿಷ್ಟೂ ಇಷ್ಟವಿಲ್ಲ’ ಎಂದಾಗುತ್ತದೆ. ‘ಪೆಕ್ ಸೆವ್ಮೆಮ್’ (ಅಷ್ಟಾಗಿ ಇಲ್ಲ) ಮೆದು. ಮನೆಯವರು ‘ಬೆಯೆನ್ದಿನಿಜ಼್ ಮಿ?’ ಎಂದು ಕೇಳಿಯೇ ಕೇಳುತ್ತಾರೆ. ‘ಚೊಕ್ ಬೆಯೆನ್ದಿಮ್, ಎಲಿನಿಜ಼ೆ ಸಾಲುಕ್’ ಎನ್ನಿ: ತುಂಬಾ ಇಷ್ಟವಾಯಿತು, ನಿಮ್ಮ ಕೈ ಚೆನ್ನಾಗಿರಲಿ. ಅಡುಗೆ ಮಾಡಿದವರು ಪಕ್ಕದಲ್ಲೇ ಇದ್ದರೆ ಅವರತ್ತ ತಿರುಗಿ ಹೇಳಿ. ಅವರು ‘ಆಫಿಯೆತ್ ಒಲ್ಸುನ್’ ಎಂದು ಉತ್ತರಿಸಿ, ಬಹುಶಃ ಇನ್ನೊಂದು ಸೌಟು ಬಡಿಸುತ್ತಾರೆ.